ಕೀಲೆಣ್ಣೆಯೂ ಕಾರಿನ ಬ್ರೇಕೂ

ಹೋದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ನಮ್ಮ ಮನೆಗೆ ಇದೇ ಮೊದಲ ಕಾರು. ಅಪ್ಪನ ಹತ್ತಿರ ಇದ್ದದ್ದು ಸ್ಕೂಟರು, ತಾತನ ಹತ್ತಿರ ಇದ್ದದ್ದು ಎತ್ತಿನ ಗಾಡಿ. ಹಾಗಾಗಿ ಕಾರಿನ ಬಗ್ಗೆ ಏನಾದರೂ ಕೇಳಬೇಕು ಅಂದರೆ ಮನೆಯಲ್ಲಿ ಯಾರೂ ಇಲ್ಲ. "ನೀನೇ ಮೆಕ್ಯಾನಿಕಲ್ ಓದಿದ್ದೀಯಲ್ಲೋ" ಅಂತ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಓದಿದ್ದು ನಿಜ. ನಾಲ್ಕು ವರ್ಷ ಓದಿ ಕೊನೆಗೆ ಸೇರಿಕೊಂಡದ್ದು ಮಾತ್ರ ಜಾವಾ ಬರೆಯುವ ಕೆಲಸಕ್ಕೆ :)

ಎರಡು ತಿಂಗಳು ಕಾರು ಚೆನ್ನಾಗಿಯೇ ಇತ್ತು. ಆಮೇಲೆ ಶುರುವಾಯಿತು ನೋಡಿ, ಬ್ರೇಕ್ ಒತ್ತಿದಾಗಲೆಲ್ಲ ಕೀಂಯ್ ಅಂತ ಒಂದು ಸದ್ದು. ಬೆಂಗಳೂರಿನಿಂದ ಊರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಮೇಲೆ ಬ್ರೇಕ್ ಒತ್ತುವ ಪ್ರಮೇಯ ಕಡಿಮೆ, ಹಾಗಾಗಿ ಗೊತ್ತಾಗುತ್ತಿರಲಿಲ್ಲ. ಅಲ್ಲಿಂದ ಇಳಿದು ಚನ್ನಪಟ್ಟಣದ ಹಳೇ ರಸ್ತೆಗೆ ಬಂದರೆ ಪ್ರತಿ ಹಂಪಿಗೂ ಒಂದು ಕಿರುಚು. ಬೊಂಬೆ ಅಂಗಡಿಯವರು ತಲೆ ಎತ್ತಿ ನೋಡುತ್ತಿದ್ದರು, ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ತೋರಿಸಿದೆ. ಚಕ್ರ ಬಿಚ್ಚದೆಯೇ "ನಾಲ್ಕೂ ಕಡೆ ಬದಲಾಯಿಸಬೇಕು ಸಾರ್" ಅಂತ ಹೇಳಿ ಹನ್ನೊಂದು ಸಾವಿರದ ಅಂದಾಜು ಬರೆದುಕೊಟ್ಟರು. ಕಾರಿನ ಸಾಲದ ಕಂತು ಕಟ್ಟುತ್ತಿದ್ದವನಿಗೆ ಅದು ಸಣ್ಣ ಮೊತ್ತ ಅಲ್ಲ. ಆಮೇಲೆ ನೋಡೋಣ ಅಂತ ಬಂದುಬಿಟ್ಟೆ.

ಆ ಶನಿವಾರ ಊರಿನಲ್ಲಿ ನಮ್ಮ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದವರು ಕಾರು ಬಂದು ನಿಂತ ಸದ್ದು ಕೇಳಿ, "ಏನ್ಲಾ ಮಗ ಇದು, ಇಂಗ್ ಕಿರ್‌ಗುಡ್ತದೆ? ಒಸಿ ಕೀಲೆಣ್ಣೆ ಬುಡು, ಸರೋಯ್ತದೆ" ಅಂದರು. ನಾನು ನಕ್ಕೆ. ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು. ಮುಂದೆ ಆದದ್ದಕ್ಕೆಲ್ಲ ಕಾರಣ ಆ ಮಾತು, ಅದಕ್ಕಿಂತ ಹೆಚ್ಚಾಗಿ ನನ್ನ ಪೆದ್ದುತನ.

ಗಾಡಿಯ ಕಾಲದ ಬುದ್ಧಿ

ದೊಡ್ಡಪ್ಪ ಹೇಳಿದ್ದು ಗಾಡಿಯ ಲೆಕ್ಕದಲ್ಲಿ ಸರಿಯಾದ ಮಾತೇ. ಎತ್ತಿನ ಗಾಡಿಯ ಚಕ್ರ ಅಚ್ಚಿನ ಮೇಲೆ ಸುತ್ತುತ್ತದೆ. ಬಾಲ್ ಬೇರಿಂಗು ಇಲ್ಲದ ಹಳೇ ಗಾಡಿಗಳಲ್ಲಿ ಗುಂಬಕ್ಕೂ ಅಚ್ಚಿಗೂ ನೇರ ಉಜ್ಜಾಟ. ಎಣ್ಣೆ ಒಣಗಿತು ಅಂದರೆ ಗಾಡಿ ಕಿರುಗುಡುತ್ತದೆ, ಎತ್ತುಗಳಿಗೆ ಎಳೆಯುವುದು ಭಾರವಾಗುತ್ತದೆ. ಅದಕ್ಕೇ ಗಾಡಿ ಹೊಡೆಯುವವರು ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ಕಟ್ಟಿಕೊಂಡು ಹೋಗುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡುತ್ತಿದ್ದ ಕಪ್ಪು ಎಣ್ಣೆ ಅದು. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ. ಅಲ್ಲಿ ಸದ್ದಿಗೆ ಒಂದೇ ಅರ್ಥ, ಎಣ್ಣೆ ಬೇಕು.

ಅದೇ ಗಾಡಿಯಲ್ಲಿ ಇನ್ನೊಂದು ಉಜ್ಜಾಟ ಇತ್ತು. ಇಳಿಜಾರಿನಲ್ಲಿ ಭಾರ ತುಂಬಿದ ಗಾಡಿ ಎತ್ತುಗಳ ಮೇಲೆ ನುಗ್ಗದ ಹಾಗೆ ಚಕ್ರದ ಕಬ್ಬಿಣದ ಪಟ್ಟಿಗೆ ಮರದ ತುಂಡು ಒತ್ತುವ ವ್ಯವಸ್ಥೆ. ಹಗ್ಗ ಎಳೆದರೆ ಮರ ಹೋಗಿ ಚಕ್ರಕ್ಕೆ ಕಚ್ಚಿಕೊಳ್ಳುತ್ತದೆ. ಇದೇ ಬ್ರೇಕು. ಅಚ್ಚಿನ ಹತ್ತಿರ ಉಜ್ಜಾಟ ಕಡಿಮೆ ಆಗಬೇಕು, ಮರದ ತುಂಡಿನ ಹತ್ತಿರ ಉಜ್ಜಾಟ ಇರಲೇಬೇಕು. ಎರಡೂ ಕಡೆ ಸದ್ದು ಬರುತ್ತದೆ. ಗಾಡಿ ಹೊಡೆಯುವವನಿಗೆ ಯಾವುದು ಯಾವ ಸದ್ದು ಅಂತ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಸೈಕಲ್ ಚೈನಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಕೈಗೆ ಸಿಕ್ಕಿತು. ಮುಂದಿನ ಎಡಚಕ್ರದ ಸಂದಿಯಿಂದ ಆ ಹೊಳೆಯುವ ಡಿಸ್ಕಿನ ಕಡೆಗೆ ಎರಡು ಸಲ ಪುಸ್ ಅಂತ ಹೊಡೆದೆ. ಕಾರು ಸ್ವಲ್ಪ ಮುಂದೆ ಹಿಂದೆ ಮಾಡಿ ಬ್ರೇಕ್ ಒತ್ತಿ ನೋಡಿದೆ. ಸದ್ದು ಮಾಯ! ಹನ್ನೊಂದು ಸಾವಿರ ಉಳಿಸಿದೆ ಅಂತ ಮೀಸೆ ತಿರುವಿಕೊಂಡು, ಅಮ್ಮನನ್ನು ಕೂರಿಸಿಕೊಂಡು ರಾಮನಗರದಿಂದ ಕನಕಪುರದ ಕಡೆಗೆ ನೆಂಟರ ಮನೆಗೆ ಹೊರಟೆ.

ದಾರಿಯಲ್ಲಿ ಒಂದು ಇಳಿಜಾರು, ಅದರ ಕೊನೆಗೆ ತಿರುವು. ಎದುರಿಗೆ ಒಬ್ಬರು ಮೊಪೆಡ್ ಮೇಲೆ ರೇಷ್ಮೆ ಗೂಡಿನ ಮೂಟೆ ಹೇರಿಕೊಂಡು ರಾಮನಗರದ ಮಾರುಕಟ್ಟೆ ಕಡೆ ಬರುತ್ತಿದ್ದರು. ಬ್ರೇಕ್ ಒತ್ತಿದೆ. ಎಡಚಕ್ರ ಹಿಡಿಯಲಿಲ್ಲ, ಬಲಚಕ್ರ ಹಿಡಿಯಿತು. ಕಾರು ಸೀದಾ ಬಲಕ್ಕೆ, ಅವರ ಕಡೆಗೇ ಎಳೆಯಿತು. ಸ್ಟೇರಿಂಗನ್ನು ಎಡಕ್ಕೆ ಎಳೆದು, ಬ್ರೇಕ್ ಇನ್ನೂ ಜೋರಾಗಿ ತುಳಿದು, ಹೇಗೋ ರಸ್ತೆ ಪಕ್ಕದ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಮೊಪೆಡ್ಡಿನವರು ಗಾಡಿ ನಿಲ್ಲಿಸಿ ನನ್ನನ್ನು ನೋಡಿದರು, ಬೈಯಲಿಲ್ಲ. "ಬ್ರೇಕ್ ನೋಡ್ಕಳಿ ಸಾ" ಅಂತ ಮಾತ್ರ ಹೇಳಿ ಹೋದರು. ಬೈದಿದ್ದರೇ ಚೆನ್ನಾಗಿತ್ತು. ಅಮ್ಮ ಮನೆ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ.

ಆವತ್ತು ಬಂದ ಭಯದಲ್ಲಿ ಒಂದೆರಡು ವಾರ ಬ್ರೇಕಿನ ಚರಿತ್ರೆಯನ್ನೇ ಓದಿದೆ. ನನ್ನ ಹಾಗೆ ಬ್ರೇಕಿನ ಸದ್ದು ನಿಲ್ಲಿಸಲು ಹೊರಟವರು ನೂರು ವರ್ಷದ ಹಿಂದೆಯೂ ಇದ್ದರು. ಅವರಿಗೆ ಸಿಕ್ಕ ಪರಿಹಾರಕ್ಕೆ ಬೇರೆ ಯಾರೋ ಬೆಲೆ ತೆತ್ತರು. ಆ ಕಥೆ ಕನ್ನಡದಲ್ಲಿ ಒಂದು ಕಡೆ ಇರಲಿ ಅಂತ ಬರೆಯುತ್ತಿದ್ದೇನೆ.

ಬರ್ತಾ ಬೆಂಜ್ ಮತ್ತು ಚರ್ಮದ ತುಂಡು

ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟು ಕೇಳಿ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಗಾಡಿ ಇತ್ತು, ಕೊಳ್ಳುವವರು ಇರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮ್‌ನಿಂದ ತನ್ನ ತವರೂರು ಫೋರ್ಟ್ಸ್‌ಹೈಮ್‌ಗೆ ಗಾಡಿ ಓಡಿಸಿಕೊಂಡು ಹೊರಟಳು. ದೂರ ಸುಮಾರು ನೂರು ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಡ್ಯಕ್ಕೆ ಇರುವಷ್ಟು. ಪೆಟ್ರೋಲ್ ಬಂಕು ಅನ್ನುವುದೇ ಹುಟ್ಟಿರಲಿಲ್ಲ, ವೀಸ್ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು.

ನಮಗೆ ಬೇಕಾದದ್ದು ಬ್ರೇಕಿನ ಸಂಗತಿ. ಆ ಗಾಡಿಗೆ ಇದ್ದದ್ದು ಮರದ ಬ್ರೇಕು, ನಮ್ಮ ಎತ್ತಿನ ಗಾಡಿಯ ಜಾತಿಯದೇ. ಇಳಿಜಾರುಗಳಲ್ಲಿ ಒತ್ತಿ ಒತ್ತಿ ಮರ ಸವೆದುಹೋಯಿತು. ಬರ್ತಾ ದಾರಿಯಲ್ಲಿ ಬೌಶ್ಲಾಟ್ ಎಂಬ ಊರಿನಲ್ಲಿ ಜೋಡು ಹೊಲಿಯುವವನ ಹತ್ತಿರ ನಿಲ್ಲಿಸಿ, ಆ ಮರದ ತುಂಡುಗಳ ಮೇಲೆ ಚರ್ಮ ಹೊಡೆಸಿಕೊಂಡಳು. ಇವತ್ತು ನಾವು ಬ್ರೇಕ್ ಲೈನಿಂಗ್ ಅನ್ನುತ್ತೇವಲ್ಲ, ಮೋಟಾರು ಗಾಡಿಯ ಚರಿತ್ರೆಯಲ್ಲಿ ಅದು ಶುರುವಾದದ್ದು ಅಲ್ಲಿಂದ ಅಂತ ಹೇಳುತ್ತಾರೆ. ಅಷ್ಟು ದೂರ ಗಾಡಿ ಓಡಿಸಿ ಅನುಭವ ಇದ್ದವರು ಆಗ ಯಾರೂ ಇರಲಿಲ್ಲ. ಹಾಗೆ ನೋಡಿದರೆ ಅನುಭವವಿಲ್ಲದೆ, ದಾರಿಯಲ್ಲಿ, ಕಡಿಮೆ ಖರ್ಚಿನಲ್ಲಿ ಬ್ರೇಕ್ ರಿಪೇರಿ ಮಾಡಿಸಿದವರಲ್ಲಿ ಬರ್ತಾನೇ ಮೊದಲಿಗಳು. ಅವಳಿಗೂ ನನಗೂ ಇರುವ ವ್ಯತ್ಯಾಸ ಏನೆಂದರೆ ಅವಳು ಉಜ್ಜಾಟ ಹೆಚ್ಚಿಸಿದಳು, ನಾನು ಕಡಿಮೆ ಮಾಡಿದೆ.

ಸುಮಾರು ಹತ್ತು ವರ್ಷದ ನಂತರ ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಡರ್ಬಿಶೈರ್ ಗುಡ್ಡಗಳಲ್ಲಿ ಕುದುರೆ ಗಾಡಿಯವರನ್ನು ನೋಡುತ್ತಿದ್ದ. ಇಳಿಜಾರಿನಲ್ಲಿ ಅವರು ಬ್ರೇಕಿನ ಕಟ್ಟಿಗೆಗೂ ಚಕ್ರಕ್ಕೂ ನಡುವೆ ಹಳೇ ಬೂಟು ಸಿಕ್ಕಿಸುತ್ತಿದ್ದರಂತೆ. ಮತ್ತೆ ಅದೇ ಚರ್ಮ! ಬೂಟಿನ ಬದಲು ಅದಕ್ಕೇ ಅಂತ ಒಂದು ವಸ್ತು ಮಾಡಿದರೆ ಹೇಗೆ ಅಂತ ಫ್ರೂಡ್ 1897ರಲ್ಲಿ ಕೆಲಸ ಶುರು ಮಾಡಿದ. ಅವನ ಕಂಪನಿಯೇ ಮುಂದೆ ಫೆರೋಡೋ ಆಯಿತು. ಅವನ ಹೆಸರಿನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿ, ಒಂದು ಅಕ್ಷರ ಸೇರಿಸಿ ಮಾಡಿದ ಹೆಸರು ಅದು. ಬ್ರೇಕ್ ಪ್ಯಾಡಿನ ಡಬ್ಬಿಗಳ ಮೇಲೆ ಈಗಲೂ ಕಾಣುತ್ತದೆ.

ಕಿರುಚಿದ ಡಿಸ್ಕು

ಡಿಸ್ಕ್ ಬ್ರೇಕ್ ಅಂದರೆ ಇತ್ತೀಚಿನದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. 1902ರಲ್ಲೇ ಫ್ರೆಡರಿಕ್ ಲ್ಯಾಂಚೆಸ್ಟರ್ ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟು ತಗೊಂಡಿದ್ದ. ಅದೇ ವರ್ಷ ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ. ಇವತ್ತು ನಮ್ಮ ಸಣ್ಣ ಕಾರುಗಳಲ್ಲಿ ಮುಂದಿರುವುದು ಲ್ಯಾಂಚೆಸ್ಟರನ ವಂಶ, ಹಿಂದಿರುವುದು ರೆನೋನ ವಂಶ.

ಲ್ಯಾಂಚೆಸ್ಟರನ ಡಿಸ್ಕಿಗೆ ಎರಡು ಕಾಟ. ಉಜ್ಜಲು ಇಟ್ಟಿದ್ದ ತಾಮ್ರ ಆಗಿನ ಧೂಳು ರಸ್ತೆಗಳಲ್ಲಿ ಬೇಗ ಸವೆಯುತ್ತಿತ್ತು. ಎರಡನೆಯದು ಸದ್ದು. ಲೋಹಕ್ಕೆ ಲೋಹ ತಾಗಿ ಬರುತ್ತಿದ್ದ ಕಿರುಚಾಟಕ್ಕೆ ಕೇಳಿದವರ ಮೈ ಜುಮ್ಮೆನ್ನುತ್ತಿತ್ತಂತೆ. ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ ಇದ್ದಿರಬೇಕು. ಡಿಸ್ಕು ಮೂಲೆ ಸೇರಿತು, ಡ್ರಮ್ಮು ಗೆದ್ದಿತು.

ಈ ಸದ್ದಿಗೆ ಮದ್ದು ಕೊಟ್ಟವನು ಅದೇ ಫ್ರೂಡ್. ಹತ್ತಿಯ ಪಟ್ಟಿ, ಅಂಟು ಅಂತೆಲ್ಲ ಪ್ರಯೋಗ ಮಾಡಿ 1907-08ರ ಹೊತ್ತಿಗೆ ಆಸ್ಬೆಸ್ಟಾಸ್ ತಂದ. ಕಲ್ಲಿನಿಂದ ಸಿಗುವ ನಾರು, ನೂಲಿನ ಹಾಗೆ ನೇಯಬಹುದು, ಬೆಂಕಿಗೆ ಸುಡುವುದಿಲ್ಲ. ಸದ್ದು ಹೋಯಿತು, ಬಾಳಿಕೆ ಬಂತು, ಬೆಲೆಯೂ ಕಡಿಮೆ. ಅಲ್ಲಿಂದ ಮುಂದೆ ಸುಮಾರು ಎಂಬತ್ತು ವರ್ಷ ಪ್ರಪಂಚದ ಬಹುಪಾಲು ಕಾರು, ಲಾರಿ, ಬಸ್ಸುಗಳು ನಿಂತದ್ದು ಆಸ್ಬೆಸ್ಟಾಸಿನ ಮೇಲೆ.

ಆ ನಿಶ್ಶಬ್ದದ ಬೆಲೆ

ಆಸ್ಬೆಸ್ಟಾಸಿನ ನಾರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸೀಳುತ್ತದೆ. ಉಸಿರಿನಲ್ಲಿ ಒಳಗೆ ಹೋದದ್ದು ಶ್ವಾಸಕೋಶದಲ್ಲೇ ಉಳಿಯುತ್ತದೆ. ಕೆಡುಕು ಗೊತ್ತಾಗುವುದು ಇಪ್ಪತ್ತು ಮೂವತ್ತು ವರ್ಷ ಆದಮೇಲೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಆಸ್ಬೆಸ್ಟಾಸ್ ನೂಲುವ ಕಾರ್ಖಾನೆಯಲ್ಲಿದ್ದ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು 1924ರ ಮಾರ್ಚಿನಲ್ಲಿ, 33ನೇ ವಯಸ್ಸಿಗೇ ತೀರಿಕೊಂಡಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ವಿಲಿಯಂ ಕುಕ್ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅಂದರೆ ಫ್ರೂಡ್ ಸದ್ದು ಅಡಗಿಸಿ ಇಪ್ಪತ್ತು ವರ್ಷ ತುಂಬುವ ಮೊದಲೇ ಎಚ್ಚರಿಕೆ ಬಂದಾಗಿತ್ತು. 1931ರಲ್ಲಿ ಬ್ರಿಟನ್ನು ಕಾರ್ಖಾನೆಗಳಿಗೆ ನಿಯಮ ಮಾಡಿತು. ಪೂರ್ತಿ ನಿಷೇಧ ಮಾಡಿದ್ದು ಮಾತ್ರ 1999ರಲ್ಲಿ. ಯುರೋಪಿನ ಒಕ್ಕೂಟದಾದ್ಯಂತ ಬಳಕೆ ನಿಂತದ್ದು 2005ರಲ್ಲಿ.

ನಮ್ಮಲ್ಲಿ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಕೆಲಸಗಾರರ ಆರೋಗ್ಯ ಬದುಕುವ ಹಕ್ಕಿನ ಭಾಗ, ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕಡಿಮೆಯೆಂದರೂ 40 ವರ್ಷ ಇಡಬೇಕು ಅಂತ. ನಲವತ್ತು ವರ್ಷ ಅಂದದ್ದು ಯಾಕೆ ಅಂತ ಮೇಲೆ ಓದಿದವರಿಗೆ ಗೊತ್ತಾಗುತ್ತದೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮೆಕ್ಯಾನಿಕ್‌ಗಳ ಸಂಗತಿ. ಹಳೇ ಡ್ರಮ್ ಬಿಚ್ಚಿದರೆ ಒಳಗೆ ಬೊಗಸೆಯಷ್ಟು ಬೂದು ಪುಡಿ. ಬಾಯಲ್ಲಿ ಉಫ್ ಅಂತ ಊದುವುದೋ, ಗಾಳಿ ಪೈಪು ಹಿಡಿಯುವುದೋ ನಮ್ಮ ಎಲ್ಲ ಗ್ಯಾರೇಜುಗಳಲ್ಲಿ ನೋಡಿದ ದೃಶ್ಯ. ಅಂಬಾಸಿಡರ್ ಕಾರಿನ ಕಾಲದಲ್ಲಿ, ಲಾರಿಗಳ ಕಾಲದಲ್ಲಿ ಬೆಂಗಳೂರು-ಮೈಸೂರು ರಸ್ತೆಯುದ್ದಕ್ಕೂ ಎಷ್ಟು ಹುಡುಗರು ಆ ಪುಡಿ ಊದಿದರೋ, ಅವರ ದಾಖಲೆ ಯಾವ ಕಾರ್ಖಾನೆಯಲ್ಲೂ ಇರುವುದಿಲ್ಲ.

ಡಿಸ್ಕು ವಾಪಸ್ ಬಂದದ್ದು

ನಡುವೆ ಇನ್ನೊಂದು ಬದಲಾವಣೆ ಆಗಿತ್ತು. ಕಂಬಿ, ಸನ್ನೆಗಳ ಮೂಲಕ ಬ್ರೇಕ್ ಒತ್ತುತ್ತಿದ್ದಾಗ ನಾಲ್ಕು ಚಕ್ರಕ್ಕೂ ಒಂದೇ ಬಲ ಸಿಗುತ್ತಿರಲಿಲ್ಲ. ಅಮೆರಿಕದ ಮಾಲ್ಕಂ ಲಾಕ್‌ಹೀಡ್ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಮಾಡಿದ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಅದು ನಾಲ್ಕೂ ಚಕ್ರಕ್ಕೆ ಬಂತು. ಪಾದ ಒತ್ತಿದರೆ ಕೊಳವೆಯಲ್ಲಿನ ಬ್ರೇಕ್ ಆಯಿಲ್ ಒತ್ತಡವನ್ನು ಎಲ್ಲ ಕಡೆ ಸಾಗಿಸುತ್ತದೆ, ಪಿಯುಸಿಯಲ್ಲಿ ಓದಿದ ಪಾಸ್ಕಲ್ ನಿಯಮ ಅಷ್ಟೇ.

1953ರಲ್ಲಿ ಜಾಗ್ವಾರ್ ಕಾರು ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಲ ಮಾನ್ಸ್ 24 ಗಂಟೆಯ ರೇಸ್ ಗೆದ್ದಿತು. ಡ್ರಮ್ಮು ಮುಚ್ಚಿದ ಪಾತ್ರೆ, ಬಿಸಿ ಒಳಗೇ ಉಳಿದು ಹಿಡಿತ ಕಡಿಮೆಯಾಗುತ್ತದೆ. ಡಿಸ್ಕು ಗಾಳಿಗೆ ತೆರೆದಿರುತ್ತದೆ. ಬಿಸಿ ಎಷ್ಟು ಅಂತೀರಾ? ಒಂದು ಟನ್ ತೂಕದ ಕಾರನ್ನು 60 ಕಿಮೀ ವೇಗದಿಂದ ಒಂದು ಸಲ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 139 ಕಿಲೋಜೂಲ್. ಮೂರು ಲೋಟ ಕಾಫಿಗೆ ನೀರು ಕುದಿಸಬಹುದು! ರೇಸಿನ ನಂತರ 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕು ಬಂದು ಸಾಮಾನ್ಯ ಗ್ರಾಹಕರಿಗೂ ಸಿಕ್ಕಿತು.

ನಮ್ಮ ದೇಶದಲ್ಲಿ ಅಂಬಾಸಿಡರ್, ಪದ್ಮಿನಿಗಳು ಬಹುಕಾಲ ನಾಲ್ಕೂ ಕಡೆ ಡ್ರಮ್ಮಿನಲ್ಲೇ ಓಡಿದವು. ಬ್ರೇಕ್ ತಯಾರಿಸುವ ಕಾರ್ಖಾನೆಗಳು ಬೆಳೆದದ್ದು ಮದರಾಸಿನ ಸುತ್ತ, ಪಾಡಿಯಲ್ಲಿ 1962ರಲ್ಲಿ ಬ್ರೇಕ್ಸ್ ಇಂಡಿಯಾ ಶುರುವಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಆ ದಶಕದಿಂದ ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಅನ್ನುವುದು ನಮ್ಮ ಸಣ್ಣ ಕಾರುಗಳ ವಾಡಿಕೆ ಆಯಿತು. 1999ರ ಕೊನೆಗೆ ನಮ್ಮ ಬಿಡದಿಯಲ್ಲೇ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬರತೊಡಗಿತು. ತಾತನ ಗಾಡಿ ಓಡಾಡಿದ ಸೀಮೆಯಲ್ಲಿ ಈಗ ಕಾರುಗಳೇ ಹುಟ್ಟುತ್ತವೆ.

ಆಸ್ಬೆಸ್ಟಾಸ್ ಬಿಟ್ಟ ಮೇಲೆ ಪ್ಯಾಡಿನಲ್ಲಿ ಉಕ್ಕಿನ ಎಳೆ, ತಾಮ್ರ, ಗಾಜಿನ ನಾರು, ಗ್ರ್ಯಾಫೈಟು, ರಾಳ ಎಲ್ಲ ಸೇರಿದವು. ಲೋಹ ಹೆಚ್ಚಾದಂತೆ ಏನು ವಾಪಸ್ ಬಂತು ಗೊತ್ತಲ್ಲ? ಲ್ಯಾಂಚೆಸ್ಟರನ ಕಿರುಚು! ನಾವು ಈಗ ಕೇಳುವ ಕೀಂಯ್ ಸದ್ದಿನಲ್ಲಿ ಒಂದು ಪಾಲು, ಜನರ ಶ್ವಾಸಕೋಶ ಉಳಿಸಿದ್ದಕ್ಕೆ ತೆರುತ್ತಿರುವ ಸಣ್ಣ ಬೆಲೆ ಅಂತ ಓದಿದಾಗಿನಿಂದ ನನಗೆ ಆ ಸದ್ದಿನ ಮೇಲೆ ಮೊದಲಿನಷ್ಟು ಕೋಪ ಇಲ್ಲ.

ಸದ್ದು ಯಾಕೆ ಬರುತ್ತದೆ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ನೋಡಿದ್ದೀರಾ? ಲೇತಿನ ಮೇಲೆ ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬೇರೆ ಬೆಂಕಿ ಬೇಕಿಲ್ಲ. ಆಮೇಲೆ ಕೇದಿಗೆ ಗರಿ ಹಿಡಿದು ಹೊಳಪು ಕೊಡುತ್ತಾರೆ. ತಿರುಗುವ ವಸ್ತು, ಒತ್ತುವ ವಸ್ತು, ನಡುವೆ ಬಿಸಿ, ಕೊನೆಗೆ ಮೇಲೊಂದು ತೆಳು ಪದರ. ಡಿಸ್ಕಿಗೂ ಪ್ಯಾಡಿಗೂ ನಡುವೆ ಆಗುವುದು ಹೆಚ್ಚುಕಡಿಮೆ ಇದೇ. ಹೊಸ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಒಂದೇ ಸಮನಾದ ತೆಳು ಪದರವಾಗಿ ಕೂತರೆ ಬ್ರೇಕು ಮೆತ್ತಗೆ ಹಿಡಿಯುತ್ತದೆ. ಅರಗನ್ನು ಅವಸರದಲ್ಲಿ ಒತ್ತಿದರೆ ಬೊಂಬೆಯ ಮೇಲೆ ಬಣ್ಣ ಗಂಟು ಗಂಟಾಗುವ ಹಾಗೆ, ಇಲ್ಲೂ ಪದರ ಅಲ್ಲಲ್ಲಿ ಮೆತ್ತಿಕೊಂಡರೆ ತಕರಾರು.

ಸದ್ದಿನ ಮೂಲ ಪಿಟೀಲಿನದೇ. ಕಮಾನು ತಂತಿಯನ್ನು ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ. ಪ್ಯಾಡು ಡಿಸ್ಕನ್ನು ಹಾಗೇ ಕಚ್ಚಿ ಜಾರುವಾಗ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ನಡುಗಿದರೆ ಕೀಂಯ್ ಅನ್ನುತ್ತದೆ. ಪ್ಯಾಡು ತನ್ನ ಗೂಡಿನಲ್ಲಿ ಸಡಿಲವಾಗಿದ್ದರೆ, ಮೇಲ್ಮೈ ಗಾಜಿನ ಹಾಗೆ ನುಣುಪಾಗಿದ್ದರೆ, ನಡುವೆ ಧೂಳು ಸೇರಿದ್ದರೆ ನಡುಕ ಹೆಚ್ಚು. ಕನಕಪುರದ ಕಡೆ ಕಲ್ಲಿನ ಲಾರಿಗಳ ಹಿಂದೆ ದಿನಾ ಓಡಾಡುವವರ ಕಾರಿಗೆ ಧೂಳಿನ ಪಾಲು ಧಾರಾಳ.

ಕೊನೆಗೆ ರಿಪೇರಿ ಆದದ್ದು

ಚನ್ನಪಟ್ಟಣದ ಒಬ್ಬ ಹಳೇ ಮೆಕ್ಯಾನಿಕ್ಕಿನ ಹತ್ತಿರ ಕಾರು ಒಯ್ದೆ. ಚಕ್ರ ಬಿಚ್ಚಿದರು, ಪ್ಯಾಡು ಹೊರತೆಗೆದು ಮೂಗಿನ ಹತ್ತಿರ ಹಿಡಿದು ನೋಡಿದರು. "ಎಣ್ಣೆ ಹಾಕಿದ್ರಾ ಸಾರ್?" ಅಂದರು. "ಹೂಂ ಭಾಯ್" ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬಲಗಡೆ ಪ್ಯಾಡು ತೋರಿಸಿ, "ನೋಡಿ, ಅರ್ಧಕ್ಕಿಂತ ಜಾಸ್ತಿ ಇದೆ. ಬರೀ ಉಜ್ಜಿ ಕ್ಲೀನ್ ಮಾಡಿದ್ರೆ ಸಾಕಿತ್ತು. ಎಡಗಡೇದು ಎಣ್ಣೆ ಕುಡಿದುಬಿಟ್ಟಿದೆ, ಇನ್ನು ಅದು ಬರಲ್ಲ" ಅಂದರು. ಪ್ಯಾಡು ಒಂದೇ ಕಡೆ ಬದಲಾಯಿಸುವ ಹಾಗಿಲ್ಲ, ಎರಡೂ ಕಡೆ ಒಟ್ಟಿಗೇ ಆಗಬೇಕು. ನಾನೂರು ರೂಪಾಯಿ ಕೂಲಿಯಲ್ಲಿ ಮುಗಿಯುವ ಕೆಲಸ ಪ್ಯಾಡೂ ಸೇರಿ ಎರಡು ಸಾವಿರ ದಾಟಿತು. ಹನ್ನೊಂದು ಸಾವಿರದ ಮಾತೂ ಸುಳ್ಳು, ನನ್ನ ಪುಕ್ಕಟೆ ಉಪಾಯವೂ ಸುಳ್ಳು.

ಅವರಿಂದ ಕಲಿತದ್ದನ್ನೂ ಓದಿ ತಿಳಿದದ್ದನ್ನೂ ಹೊಸದಾಗಿ ಕಾರು ಕೊಂಡ ಬ್ಲಾಗಿಗರಿಗಾಗಿ ಇಲ್ಲಿ ಬರೆದಿಡುತ್ತೇನೆ.

ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಮಾತ್ರ ಸದ್ದು ಬಂದು ಆಮೇಲೆ ಹೋದರೆ ಚಿಂತೆ ಇಲ್ಲ. ಡಿಸ್ಕು ಎರಕದ ಕಬ್ಬಿಣದ್ದು. ಮಳೆಗೋ ಇಬ್ಬನಿಗೋ ರಾತ್ರಿ ತೆಳುವಾಗಿ ತುಕ್ಕು ಹಿಡಿದಿರುತ್ತದೆ. ಮಾಗಡಿ ಕಡೆ ಸಾವನದುರ್ಗದ ತಪ್ಪಲಲ್ಲಿ ಒಂದು ರಾತ್ರಿ ಕಾರು ನಿಲ್ಲಿಸಿ ನೋಡಿ, ಬೆಳಿಗ್ಗೆ ಡಿಸ್ಕು ಕೆಂಪಗಿರುತ್ತದೆ. ನಾಲ್ಕು ಸಲ ಒತ್ತಿದರೆ ಹೋಗುತ್ತದೆ, ಖರ್ಚು ಸೊನ್ನೆ.

ದಿನವಿಡೀ ಮೆತ್ತಗೆ ಒತ್ತಿದಾಗ ಕೀಂಯ್ ಅಂದರೆ ಪ್ಯಾಡು ನುಣುಪಾಗಿದೆ ಅಥವಾ ಧೂಳು ಸೇರಿದೆ. ಪ್ಯಾಡು ತೆಗೆದು ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ, ಅಂಚುಗಳ ಚೂಪು ತೆಗೆದು, ಬ್ರೇಕ್ ಕ್ಲೀನರಿನಿಂದ ಡಿಸ್ಕು ಒರೆಸಿ, ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಬ್ರೇಕಿಗೆಂದೇ ಸಿಗುವ, ಬಿಸಿ ತಡೆಯುವ ಗ್ರೀಸು ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪ್ಯಾಡಿನ ಬೆನ್ನಿಗೂ ಅದೇ ಗ್ರೀಸು ತೆಳುವಾಗಿ ಹಚ್ಚಬಹುದು. ದೊಡ್ಡಪ್ಪನ ಕೀಲೆಣ್ಣೆಗೆ ಇಲ್ಲಿ ಇರುವ ಜಾಗ ಅಷ್ಟೇ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಒಂದು ಹನಿಯೂ ತಾಗಬಾರದು.

ಬ್ರೇಕ್ ಒತ್ತದೆ ಸುಮ್ಮನೆ ಓಡುವಾಗಲೇ ಸಣ್ಣಗೆ ಕಿರ್ ಅನ್ನುತ್ತಿದ್ದರೆ ಪ್ಯಾಡು ಮುಗಿಯುತ್ತಾ ಬಂದಿರಬಹುದು. ಎಷ್ಟೋ ಪ್ಯಾಡುಗಳಿಗೆ ಒಂದು ಸಣ್ಣ ಲೋಹದ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಬೇಕೆಂದೇ ಕಿರುಚುತ್ತದೆ. ಎಷ್ಟು ವರ್ಷ ಓಡಿಸಬೇಕು ಅಂತ ಒದ್ದಾಡಿದರೋ ಅದೇ ಸದ್ದಿಗೆ ಕೊನೆಗೆ ಕಾವಲು ಕೆಲಸ ಕೊಟ್ಟಿದ್ದಾರೆ! ಆಗ ಪ್ಯಾಡು ಬದಲಾಯಿಸಲೇಬೇಕು, ಅಲ್ಲಿ ಉಳಿತಾಯ ನೋಡಬಾರದು. ಹಾಗೇ ಬಿಟ್ಟು ಗರಗರ ಅಂತ ಅರೆಯುವ ಸದ್ದು ಶುರುವಾದರೆ ಪ್ಯಾಡಿನ ಹಿಂದಿನ ಲೋಹವೇ ಡಿಸ್ಕನ್ನು ತಿನ್ನುತ್ತಿದೆ ಅಂತ. ಕಾರು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಹೊಸ ಪ್ಯಾಡು ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 15ಕ್ಕೆ ಎಂಟು ಹತ್ತು ಸಲ ನಿಧಾನವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಬೊಂಬೆಗೆ ಅರಗು ಕೂರಿಸಿದ ಹಾಗೆ ಪದರ ಸಮನಾಗಿ ಕೂರುತ್ತದೆ. ಮತ್ತೆ, ಯಾರೇ ಬಿಚ್ಚಲಿ, ಆ ಪುಡಿಯನ್ನು ಊದಲು ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಪ್ಯಾಡಿನ ಡಬ್ಬಿಯ ಮೇಲೆ ಆಸ್ಬೆಸ್ಟಾಸ್ ಇಲ್ಲ ಅಂತ ಬರೆದಿರುವುದನ್ನು ನೋಡಿಯೇ ಕೊಳ್ಳಿ. ನಾನು ಒದ್ದೆ ಬಟ್ಟೆ ಕೊಟ್ಟಾಗ ಭಾಯ್ ನಕ್ಕರು, ಆದರೆ ಒರೆಸಿದರು.

ಕೈಯಿಂದ ಮಾಡುವ ಧೈರ್ಯ ಇಲ್ಲದಿದ್ದರೆ ಮಾಡಬೇಡಿ, ನಾನೂ ಇನ್ನೂ ಮಾಡುವುದಿಲ್ಲ. ಆದರೆ ಚಕ್ರ ಬಿಚ್ಚಿ ಪ್ಯಾಡು ತೋರಿಸಿ ಅಂತ ಕೇಳುವುದಕ್ಕೆ ಯಾವ ಡಿಗ್ರಿಯೂ ಬೇಡ. ಬಿಚ್ಚದೆಯೇ ಬೆಲೆ ಹೇಳುವವರಿಗೆ ಕೈಮುಗಿದು ಬನ್ನಿ.

ಮುಂದಿನ ವಾರ ಊರಿಗೆ ಹೋದಾಗ ಕಾರು ಸದ್ದಿಲ್ಲದೆ ಜಗಲಿ ಮುಂದೆ ನಿಂತಿತು. ದೊಡ್ಡಪ್ಪ, "ನೋಡ್ದಾ, ಎಣ್ಣೆ ಬುಟ್ಟಿದ್ಕೆ ಸುಮ್ಕಾಯ್ತು" ಅಂದರು. ಆದದ್ದನ್ನೆಲ್ಲ ಹೇಳಿದೆ, ಮೊಪೆಡ್ಡಿನ ಸಂಗತಿಯನ್ನೂ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಲ್ಯೋ, ಕೀಲ್ಗೆ ಬುಡು ಅಂದ್ರೆ ಬಿರೀಗ್ ಬುಟ್ಟಾ? ನಿಮ್ ತಾತ ಬದುಕಿದ್ದಿದ್ರೆ ಬಾರ್‌ಕೋಲ್ ತಕಂಡು ಬರೋರು" ಅಂದರು.

ಗಾಡಿಯ ಬ್ರೇಕಿಗೆ ಅವರು ಬಿರಿ ಅನ್ನುತ್ತಾರೆ. ಎಣ್ಣೆ ಎಲ್ಲಿಗೆ ಬಿಡಬೇಕು, ಎಲ್ಲಿಗೆ ಬಿಡಬಾರದು ಅಂತ ಅವರಿಗೆ ಮೊದಲಿಂದಲೂ ಗೊತ್ತಿತ್ತು. ನಾನು ಕೇಳಿರಲಿಲ್ಲ.